ಕಾಲು ತೋರಿಸ್ರಿ

ಹೊನ್ನವ್ವನ ಕಾಲಿನಿಂದ ಹುಳ ಹೊರಗೆ ಬರುತ್ತಿತ್ತು. ಬಸಂತರಾಯಗೌಡರ ಕಾಲಿನಿಂದಲೂ ಬರುತ್ತಿತ್ತು. ಹೊನ್ನವ್ವನದಕ್ಕೆ ನಾರುಹುಣ್ಣು ಅಂತ ಹೆಸರು. ಗೌಡರದಕ್ಕೆ ಉಳುಕು.

ಎರಡೂ ಕಾಲಿಗೆ ಪಟ್ಟಿ ಕಟ್ಟುತ್ತಿದ್ದವಳು ಒಬ್ಬಳೇ, ನರ್ಸ್ ಅಮೀನಾಬಿ. ಸಿಂದಗಿಯವಳು. ಮುದ್ದೇಬಿಹಾಳ ತಾಲೂಕಿನ ಹಿರೇಭಾವಿ ಎಂಬ ಊರಿನ ದವಾಖಾನೆಗೆ ಅವಳನ್ನು ಹಾಕಿದ್ದರು. ಬಂದ ಹೊಸತರಲ್ಲಿ ಬಾಡಿಗೆ ಮನೆ ಕೇಳಿದಳು. ಕೊಡುವುದಿಲ್ಲ ಅಂತ ಯಾರೂ ಅನ್ನಲಿಲ್ಲ. "ಮನಿ ಸೋರ್ತೈತ್ರಿ ಬಾಯಾರ" ಅಂದರು. ಮಳೆಯೇ ಸರಿಯಾಗಿ ಬಾರದ ಆ ಊರಿನಲ್ಲಿ ಎಲ್ಲ ಮನೆಗಳೂ ಸೋರುತ್ತಿದ್ದವು. ಕೊನೆಗೆ ದವಾಖಾನೆಯ ಹಿಂದೆ ಔಷಧದ ಪೆಟ್ಟಿಗೆ ಇಡುವ ಕೋಣೆಯಲ್ಲೇ ಒಲೆ ಹೂಡಿದಳು. ಹೆರಿಗೆಗೆ ಮಾತ್ರ ಮೇಲಿನ ಓಣಿಯವರು ಓಡಿ ಬಂದು ಕರೆಯುತ್ತಿದ್ದರು. ಹೆರಿಗೆಯ ಹೊತ್ತಿನಲ್ಲಿ ಅವಳ ಕೈಗೆ ಜಾತಿ ಇರುತ್ತಿರಲಿಲ್ಲ. ಮಗು ಅತ್ತು, ಚಹಾ ಕಾಯಿಸುವ ಹೊತ್ತಿಗೆ ಅದು ತಿರುಗಿ ಬರುತ್ತಿತ್ತು.

ನಾರುಹುಣ್ಣು ಕಾಣದವರಿಗೆ ಹೇಳಬೇಕು. ಕುಡಿಯುವ ನೀರಿನಲ್ಲಿ ಅದರ ಮರಿ ಇರುತ್ತದೆ. ಹೊಟ್ಟೆಗೆ ಹೋದದ್ದು ಒಂದು ವರ್ಷ ಮೈಯೊಳಗೆ ಸದ್ದಿಲ್ಲದೆ ಬೆಳೆಯುತ್ತದೆ. ಆಮೇಲೆ ಪಾದದಲ್ಲಿ ಒಂದು ಬೊಬ್ಬೆ. ಬೊಬ್ಬೆ ಒಡೆದರೆ ಬಿಳಿ ನೂಲಿನಂಥ ಹುಳ. ಕೆಂಡ ತುಳಿದಂಥ ಉರಿ. ಜಗ್ಗಿ ತೆಗೆಯುವ ಹಾಗಿಲ್ಲ, ಹರಿದರೆ ಕಾಲು ಬಾತು ಕೀವು ತುಂಬುತ್ತದೆ. ಕಡ್ಡಿಗೆ ಸುತ್ತಿ ಸುತ್ತಿ ದಿನಕ್ಕಿಷ್ಟು ಅಂತ ಹೊರಗೆ ತರಬೇಕು. ಉರಿ ತಾಳದೆ ಕಾಲನ್ನು ನೀರಿಗೆ ಇಟ್ಟರೆ ಹಾಯೆನಿಸುತ್ತದೆ. ಆದರೆ ಆ ಕ್ಷಣದಲ್ಲೇ ಹುಳ ನೀರಿಗೆ ಮರಿ ಬಿಡುತ್ತದೆ. ಆ ನೀರು ಕುಡಿದವರಿಗೆ ಮರುವರ್ಷ ಹುಣ್ಣು.

ತುರ್ತುಪರಿಸ್ಥಿತಿಯ ಕಾಲ. ಸರಕಾರಕ್ಕೆ ಗೋಡೆಗಳ ಮೇಲೆ ಬರೆಯುವ ಹುಚ್ಚು ಹತ್ತಿತ್ತು. ದವಾಖಾನೆಯ ಗೋಡೆಯ ಮೇಲೂ ಹಸಿರು ಬಣ್ಣದಲ್ಲಿ 'ನಿಮ್ಮ ಆರೋಗ್ಯ ನಿಮ್ಮ ಕೈಯಲ್ಲಿ' ಎಂದು ಬರೆಸಿದ್ದರು. ರೋಗಿಗಳು ತಮ್ಮ ಆರೈಕೆ ತಾವೇ ಮಾಡಿಕೊಳ್ಳುವಂತೆ ಕಲಿಸಬೇಕು ಅಂತ ಮೇಲಿನಿಂದ ಹುಕುಂ ಬಂದಿತ್ತು. ಕಲಿಸುವ ಕೆಲಸ ಅಮೀನಾಬಿಯದು.

ಅವಳು ಮಾದರ ಕೇರಿಗೆ ಹೋಗಿ ಬೇವಿನ ಮರದ ಕೆಳಗೆ ಹೆಂಗಸರನ್ನು ಕೂಡಿಸಿದಳು. ಅರಿವೆಯನ್ನು ಎರಡು ಪದರ ಮಾಡಿ ಕೊಡದ ಬಾಯಿಗೆ ಕಟ್ಟಿ ತೋರಿಸಿದಳು.

"ನೀರು ಸೋಸಿ ಕುಡೀರಿ. ಹುಣ್ಣಿದ್ದವರು ಹೊಂಡಕ್ಕ ಇಳೀಬ್ಯಾಡ್ರಿ."

"ಇಳೀಲಿಲ್ಲಂದ್ರ ಕೊಡ ಹೆಂಗ ತುಂಬೂದ್ರಿ ಬಾಯಾರ?" ಹೊನ್ನವ್ವ ಕೇಳಿದಳು. ಗೌಡರ ಹೊಲದಲ್ಲಿ ಕಳೆ ಕಿತ್ತು ಕಿತ್ತು ಬೆನ್ನು ಬಾಗಿದ್ದ ಹೆಂಗಸು. ಗಂಡ ಸತ್ತ ಮೇಲೆ ಯಾರ ಮುಂದೆಯೂ ದನಿ ತಗ್ಗಿಸಿ ಮಾತಾಡಿದವಳಲ್ಲ.

"ಹುಣ್ಣಿಲ್ಲದವರು ಇಳದು ತುಂಬಿ ಕೊಡ್ರಿ."

"ಹುಣ್ಣಿಲ್ಲದವರು ಮುಂಜಾನಿಂದ ಗೌಡ್ರ ಹೊಲದಾಗ ಇರ್ತಾರ್ರಿ. ನಡಿಯಾಕ ಬಾರದ ಕುಂಟರನ್ನ ನೀರಿಗೆ ಬಿಟ್ಟಿರ್ತಾರ."

ಹೆಂಗಸರು ನಕ್ಕರು. ಅಮೀನಾಬಿಗೆ ನಗು ಬರಲಿಲ್ಲ. ಅವಳು ಕಲಿತ ಪಾಠದಲ್ಲಿ ಈ ಪ್ರಶ್ನೆ ಇರಲಿಲ್ಲ.

"ಊರಾಗಿನ ಭಾವಿ ನೀರು ಒಳ್ಳೇದೇನ್ರಿ?"

"ಹೊಂಡಕ್ಕಿಂತ ಒಳ್ಳೇದು."

"ಹಂಗಾರ ಅದನ್ನ ಕುಡೀರಿ ಅಂತ ಕಲಸ್ರಲಾ."

ಸರಕಾರದ ಪಾಠ ಅಲ್ಲಿಗೆ ನಿಲ್ಲುತ್ತಿತ್ತು. ಊರ ನಡುವಿನ ಭಾವಿಗೆ ಕಲ್ಲಿನ ಅಗಲ ಮೆಟ್ಟಿಲುಗಳಿದ್ದವು. ಮೇಲಿನ ಓಣಿಯವರು ಇಳಿದು ತುಂಬಿಕೊಳ್ಳುತ್ತಿದ್ದರು. ಕೇರಿಯ ಹೆಂಗಸರು ಮೇಲೆ ಕಟ್ಟೆಯಾಚೆ ಬಿಸಿಲಿನಲ್ಲಿ ಕೊಡ ಹಿಡಿದು ನಿಲ್ಲಬೇಕು. ಯಾರಿಗಾದರೂ ಕನಿಕರ ಬಂದರೆ ಎತ್ತರದಿಂದ ಸುರಿಯುತ್ತಿದ್ದರು. ಅರ್ಧ ಕೊಡಕ್ಕೆ, ಅರ್ಧ ಮೈಮೇಲೆ. ಕನಿಕರ ಬಾರದ ದಿನ ದನ ಇಳಿಯುವ ಹೊಂಡವೇ ಗತಿ. ಅಮೀನಾಬಿಗೂ ಭಾವಿಗೆ ಇಳಿಯಲು ಬಿಡುತ್ತಿರಲಿಲ್ಲ. ದವಾಖಾನೆಯ ಜವಾನ ಅವಳ ನೀರು ತರುತ್ತಿದ್ದ.

ಆದರೂ ಹೊನ್ನವ್ವ ಕಲಿತಳು. ಹೊತ್ತು ಹುಟ್ಟುವ ಮುಂಚೆ, ಹೊಲಕ್ಕೆ ಹೋಗುವ ಗಟ್ಟಿ ಕಾಲಿನವರಿಂದಲೇ ನೀರು ತುಂಬಿಸಿಡುವ ಪದ್ಧತಿ ಮಾಡಿದಳು. ಸೋಸದ ನೀರು ಕುಡಿದವರನ್ನು ಓಣಿಯಲ್ಲಿ ನಿಂತು ಬೈದಳು. ತನ್ನ ಹುಳವನ್ನು ಕಸಬರಿಗೆಯ ಕಡ್ಡಿಗೆ ತಾನೇ ಸುತ್ತಿಕೊಂಡಳು. ಉರಿ ಏರಿದಾಗ ಸೆರಗು ಕಚ್ಚಿ ಕೂತಳು. ಕಾಲು ಮಾತ್ರ ನೀರಿಗೆ ಇಡಲಿಲ್ಲ.

ಗೌಡರ ಹುಳ ಬೆಳ್ಳಿ ಕಡ್ಡಿಗೆ ಸುತ್ತಿಕೊಂಡಿತ್ತು. ಹಿತ್ತಲ ಬಾಗಿಲಿನಿಂದ ಅಮೀನಾಬಿಯನ್ನು ಒಳಗೆ ಕರೆದು, ಬಾಗಿಲು ಹಾಕಿ, ಆಮೇಲೆ ಅವರು ಕಾಲು ಚಾಚುತ್ತಿದ್ದರು.

"ಗೌಡ್ರ, ಭಾವಿಗೆ ಇಳದು ಜಳಕಾ ಮಾಡಬ್ಯಾಡ್ರಿ. ಮನ್ಯಾಗ ಮಾಡ್ರಿ."

"ನಮ್ಮ ಅಜ್ಜನ ಕಾಲದಿಂದ ಮೊದಲ ಜಳಕಾ ನಮ್ಮದು. ಉಳುಕಿಗೆ ತಣ್ಣೀರು ಚಲೋ. ಹ್ವಾದ ವರ್ಷದ ಉಳುಕೂ ಹಿಂಗ ಹೋತು."

"ಇದು ಉಳುಕಲ್ರಿ. ಹುಳಾ ಕಾಣಾಕತ್ತೈತಿ."

"ಏ ನರ್ಸಬಾಯಿ, ಹುಳಾ ಬರೂದು ಕೇರಿ ಮಂದಿ ಕಾಲಿಗೆ. ಇದು ಗೌಡಕಿ ಕಾಲು. ತಿಳದು ಮಾತಾಡು."

ಪಟ್ಟಿ ಬಿಗಿದುಕೊಂಡು, ಮೇಲೆ ಜಂಬದಿಂದ ಕಾಲುಚೀಲ ಏರಿಸಿ, ಮರುದಿನ ನಸುಕಿನಲ್ಲಿ ಎಲ್ಲ ಬಿಚ್ಚಿ ಭಾವಿಗೆ ಇಳಿಯುತ್ತಿದ್ದರು. ಮೊಣಕಾಲುದ್ದ ನೀರಿನಲ್ಲಿ ನಿಂತು ಕಣ್ಣುಮುಚ್ಚಿ ಶಿವನಾಮ ಹೇಳುತ್ತಿದ್ದರು. ಅವರ ಮುಖದ ಮೇಲಿನ ಶಾಂತಿಯನ್ನು ನೋಡಿದವರು ಅದನ್ನು ಭಕ್ತಿ ಅಂದುಕೊಂಡಿದ್ದರು.

ಅಮೀನಾಬಿ ಡಾಕ್ಟರ ಹತ್ತಿರ ಹೋದಳು. ಡಾಕ್ಟರ ರಾಮಚಂದ್ರರಾಯರು ಮೃದು ಮಾತಿನವರು. ಗೌಡರ ಮನೆಯ ಹಾಲು ದಿನಾ ಅವರ ಮನೆಗೆ ಬರುತ್ತಿತ್ತು.

"ಪೇಷಂಟನ ಗುಟ್ಟು ದೇವರಿದ್ದಂಗ, ಅಮೀನಾಬಿ. ಗರ್ಭಗುಡಿ ಬಿಟ್ಟು ಹೊರಗ ಬರಬಾರದು. ನಿನಗ ಟ್ರೇನಿಂಗದಾಗ ಕಲಿಸ್ಯಾರಿಲ್ಲೋ?"

ಕಲಿಸಿದ್ದರು. ಅವಳು ಅದನ್ನು ನಂಬಿಯೂ ಇದ್ದಳು. ಮೇಲಿನ ಓಣಿಯ ಸೊಸೆಯಂದಿರು ಗಂಡನಿಗೂ ಹೇಳದ ಮಾತನ್ನು ಅವಳಿಗೆ ಹೇಳುತ್ತಿದ್ದುದು ಆ ನಂಬಿಕೆಯ ಮೇಲೆ. ಒಂದು ಗುಟ್ಟು ಬಾಯಿ ದಾಟಿದರೆ ನಾಳೆ ಒಂದು ಹೆಣ್ಣೂ ಅವಳ ಮುಂದೆ ಬಾಯಿ ತೆರೆಯುವುದಿಲ್ಲ. ಆದರೆ ದಿನಾ ನಸುಕಿನಲ್ಲಿ ಭಾವಿಯ ಕಡೆಯಿಂದ ಗೌಡರ ಶಿವನಾಮ ಕೇಳಿಸುತ್ತಿತ್ತು. ಅದೇ ನೀರನ್ನು ಅದೇ ಸೊಸೆಯಂದಿರ ಕೂಸುಗಳು ಕುಡಿಯುತ್ತಿದ್ದವು.

ಆ ಬೇಸಿಗೆ ಮೇಲಿನ ಓಣಿಯಲ್ಲೂ ಜನ ಕುಂಟತೊಡಗಿದರು. ಯಾರೂ ಹುಣ್ಣು ಅನ್ನಲಿಲ್ಲ. ಎಲ್ಲರಿಗೂ ಉಳುಕು. ಇಷ್ಟು ಜನ ಒಮ್ಮೆಗೇ ಕಾಲು ಉಳುಕಿಸಿಕೊಂಡದ್ದು ಹೇಗೆ ಅಂತ ಯಾರೂ ಕೇಳಲಿಲ್ಲ. ಬದಲಿಗೆ ಗೌಡರು ಪಂಚರನ್ನು ಕೂಡಿಸಿ, ಕೇರಿಯವರು ಭಾವಿಯ ಹತ್ತಿರ ನಿಂತು ನಿಂತು ಗಾಳಿ ಕೆಡಿಸಿದ್ದಾರೆ ಅಂದರು. ಇನ್ನು ಮೇಲೆ ಅವರು ಕಟ್ಟೆಯಾಚೆಯೂ ನಿಲ್ಲುವಂತಿಲ್ಲ. ಅವರಿಗೆ ಯಾರೂ ನೀರು ಸುರಿಯುವಂತಿಲ್ಲ.

ಹೊಂಡ ಆಗಲೇ ಬತ್ತಿತ್ತು. ತಳದಲ್ಲಿ ಉಳಿದ ಹಸಿರು ರಾಡಿಯನ್ನು ಕೇರಿಯ ಹೆಂಗಸರು ಚರಿಗೆಯಿಂದ ಬಳಿದು ಸೋಸಿದರು. ಕೊಡದಲ್ಲಿ ಬಿದ್ದದ್ದಕ್ಕಿಂತ ಅರಿವೆಯ ಮೇಲೆ ಉಳಿದದ್ದೇ ಹೆಚ್ಚು.

ಅಷ್ಟರಲ್ಲಿ ಆರೋಗ್ಯ ಸಪ್ತಾಹ ಬಂತು. ಜಿಲ್ಲೆಯಿಂದ ಸಾಹೇಬರು ಬರುವವರು. ಭಾವಿಯ ಮುಂದಿನ ಬಯಲಿನಲ್ಲಿ ಪೆಂಡಾಲು ಹಾಕಿದರು. ವಿಷಯ, ರೋಗಿಯ ಸ್ವಂತ ಆರೈಕೆ. ಅಧ್ಯಕ್ಷತೆ, ಬಸಂತರಾಯಗೌಡರು.

"ಹೊನ್ನವ್ವನ್ನ ಸ್ಟೇಜಿಗೆ ಕರ್ಕೊಂಡು ಬಾ," ಡಾಕ್ಟರು ಹೇಳಿದರು. "ಕಾಲು ತೋರಸ್ಬೇಕು. ಸೋಸದ ಕುಡದೆ, ನನ್ನ ತಪ್ಪು ಅಂತ ಹೇಳಬೇಕು. ಸಾಹೇಬ್ರಿಗೆ ಛಲೋ ಅನಸ್ತದ."

"ಅಕಿನೂ ಪೇಷಂಟ ಅಲ್ರಿ ಸರ್? ಅಕಿ ಗುಟ್ಟು?"

"ಅಕಿಗೇನು ಗುಟ್ಟು? ಅಕಿ ಡೆಮಾನ್‌ಸ್ಟ್ರೇಶನ್."

ಅಮೀನಾಬಿ ಕೇರಿಗೆ ಹೋದಳು. ಹುಕುಂ ಹೇಳಿದಳು. ಆಮೇಲೆ ತನ್ನದೊಂದು ಮಾತು ಸೇರಿಸಿದಳು. "ನಿನಗ ಒಲ್ಲೆ ಅನಿಸಿದ್ರ ಬರಬ್ಯಾಡ ಹೊನ್ನವ್ವ. ನಾ ಏನರ ಹೇಳ್ತೇನಿ."

ಹೊನ್ನವ್ವ ಅವಳ ಮುಖ ನೋಡಿದಳು. "ನನ್ನ ಮೈ ಮ್ಯಾಲ ಎಲ್ಲಾರೂ ಹುಕುಂ ಮಾಡ್ಯಾರ್ರಿ. ಬರ್ತೀ ಏನು ಅಂತ ಕೇಳಿದವರು ನೀವ ಮೊದಲು. ಬರ್ತೇನಿ."

ಬಂದಳು, ಬಗಲಲ್ಲಿ ಖಾಲಿ ಕೊಡ ಹಿಡಿದುಕೊಂಡೇ. ಸ್ಟೇಜಿನ ಮೇಲಿನ ಕುರ್ಚಿಗಳಿಂದ ದೂರ, ಒಂದು ಮೂಲೆಯಲ್ಲಿ ಗೋಣಿಚೀಲ ಹಾಸಿ ಅವಳನ್ನು ನಿಲ್ಲಿಸಿದರು. ಬಿಸಿಲು ಕಾದಿತ್ತು. ಗೌಡರು ಧೋತರದ ಕೆಳಗೆ ಕಾಲುಚೀಲ, ಬೂಟು ಹಾಕಿ ಬೆವರುತ್ತಿದ್ದರು. ಸ್ವಚ್ಛತೆಯ ಬಗ್ಗೆ ಮಾತಾಡಿದರು. ಈ ರೋಗ ಅಜ್ಞಾನಿಗಳಿಗೆ ಮಾತ್ರ ಬರುತ್ತದೆ ಅಂದರು. ಡಾಕ್ಟರು ಒಂದು ಕೋಲಿನಿಂದ ಹೊನ್ನವ್ವನ ಪಾದ ತೋರಿಸಿದರು. ಪಾದ ಬಾತು, ಚರ್ಮ ಮಿಂಚುತ್ತಿತ್ತು. ಕಸಬರಿಗೆಯ ಕಡ್ಡಿಗೆ ಸುತ್ತಿದ ಹುಳದ ತುದಿ ಎಲ್ಲರಿಗೂ ಕಂಡಿತು. ಮುಂದಿನ ಸಾಲಿನವರು ಮೂಗು ಮುಚ್ಚಿಕೊಂಡರು.

"ಹೇಳವಾ, ಯಾಕ ಆತು?"

"ಮೊದಲ ಸೋಸದ ಕುಡದಿದ್ದೆ, ಖರೇ ಐತಿ," ಹೊನ್ನವ್ವ ಅಂದಳು. "ಬಾಯಾರು ಕಲಿಸಿದ ಮ್ಯಾಲ ಸೋಸೇನಿ. ಉರಿ ಎಷ್ಟ ಬಂದ್ರೂ ಕಾಲು ನೀರಿಗೆ ಇಟ್ಟಿಲ್ಲ. ಕಲಿಯೂದೆಲ್ಲಾ ಕಲತೇನ್ರಿ ಸಾಹೇಬ್ರ. ಈಗ ಸೋಸಾಕ ನೀರು ಎಲ್ಲೈತಿ ಹೇಳ್ರಿ."

ಮಾತು ಮುಗಿಯಿತು ಅಂದುಕೊಂಡು ಸಾಹೇಬರು ಚಪ್ಪಾಳೆ ತಟ್ಟಿದರು. ಅವರು ತಟ್ಟಿದ್ದಕ್ಕೆ ಎಲ್ಲರೂ ತಟ್ಟಿದರು.

ಚಪ್ಪಾಳೆ ನಿಲ್ಲುವುದರೊಳಗೆ ಹೊನ್ನವ್ವ ಸ್ಟೇಜು ಇಳಿದಳು. ಕುಂಟುತ್ತ ಬಯಲು ದಾಟಿದಳು. ಕಟ್ಟೆ ಹತ್ತಿದಳು. ಭಾವಿಯ ಮೆಟ್ಟಿಲು ಇಳಿದಳು. ಕೊನೆಯ ಒಣ ಮೆಟ್ಟಿಲ ಮೇಲೆ ಕೂತು, ಕೊಡ ಪಕ್ಕಕ್ಕಿಟ್ಟು, ಹುಣ್ಣಿನ ಕಾಲನ್ನು ನೀರಿನ ಮೇಲೆ ಚಾಚಿದಳು. ಹಿಮ್ಮಡಿಗೂ ನೀರಿಗೂ ನಡುವೆ ಗೇಣು ಜಾಗ.

ಪೆಂಡಾಲು ಖಾಲಿಯಾಯಿತು. ಊರೆಲ್ಲ ಕಟ್ಟೆಯ ಸುತ್ತ ನಿಂತು ಕಿರುಚತೊಡಗಿತು.

"ನಮಗ ನೀರು ಕೊಡ್ರಿ," ಹೊನ್ನವ್ವ ತಲೆ ಎತ್ತದೆ ಹೇಳಿದಳು. "ಕೊಡೂತನಾ ಏಳೂದಿಲ್ಲ."

"ಎಳದು ಹಾಕ್ರಿ ಅಕಿನ್ನ!" ಗೌಡರು ಕೂಗಿದರು.

ಯಾರೂ ಅಲುಗಲಿಲ್ಲ. ಎಳೆಯಬೇಕಾದರೆ ಮುಟ್ಟಬೇಕು. ಮುಟ್ಟಿದರೆ ಮೈಲಿಗೆ. ಮೈಲಿಗೆ ತೊಳೆಯಲು ಜಳಕ ಮಾಡಬೇಕು. ಜಳಕಕ್ಕೆ ಇದ್ದದ್ದು ಅದೇ ಭಾವಿ.

ಇಷ್ಟು ದಿನ ಅವಳ ಕೊಡವನ್ನು ಯಾರೂ ತಿರುಗಿ ನೋಡಿರಲಿಲ್ಲ. ಈಗ ಅವಳ ಒಂದು ಹಿಮ್ಮಡಿಯನ್ನು ಇಡೀ ಊರು ಉಸಿರು ಹಿಡಿದು ನೋಡುತ್ತಿತ್ತು.

"ನರ್ಸಬಾಯಿ ಎಲ್ಲಾರನೂ ಮುಟ್ತಾಳಲ್ಲ, ಅಕಿನ್ನ ಕೆಳಗ ಕಳಸ್ರಿ," ಗೌಡರು ಅಂದರು. ಡಾಕ್ಟರು ಅಮೀನಾಬಿಯ ಕಿವಿಯಲ್ಲಿ ಹೇಳಿದರು. "ಹೋಗು. ಹುಳಾ ಸತ್ತದ, ಏನೂ ಆಗೂದಿಲ್ಲ ಅಂತ ಮಂದಿಗೆ ಹೇಳು. ಕಾಲು ನೀರಿಗಿಟ್ರ ಸಾಯ್ತೀ ಅಂತ ಅಕಿಗೆ ಹೇಳು."

"ಎರಡೂ ಸುಳ್ಳ ಅಲ್ಲೇನ್ರಿ ಸರ್?"

"ಸುಳ್ಳಲ್ಲ, ಆರೋಗ್ಯ ಶಿಕ್ಷಣ."

ಅಮೀನಾಬಿ ಚಪ್ಪಲಿ ಬಿಟ್ಟು ಮೆಟ್ಟಿಲು ಇಳಿದಳು. ಕೆಲಸ ಹೋಗುವ ಹೆದರಿಕೆ ಇತ್ತು. ಸಿಂದಗಿಯಲ್ಲಿ ಅವಳ ಪಗಾರದ ಮೇಲೆ ಒಂದು ಮನೆ ನಡೆಯುತ್ತಿತ್ತು. ಅದಕ್ಕಿಂತ ದೊಡ್ಡ ಹೆದರಿಕೆ ಇನ್ನೊಂದಿತ್ತು. ಕಾಲು ನೀರಿಗಿಟ್ಟರೆ ಏನಾಗುತ್ತದೆ ಅಂತ ಈ ಹೆಂಗಸಿಗೆ ಬಿಡಿಸಿ ಬಿಡಿಸಿ ಕಲಿಸಿದವಳು ತಾನೇ. ಹತ್ತಿರ ಹೋಗಿ ನೋಡಿದಳು. ಹೊನ್ನವ್ವನ ತೊಡೆ ಥರಥರ ಅದುರುತ್ತಿತ್ತು. ತುಟಿ ಕಚ್ಚಿ ರಕ್ತ ಬಂದಿತ್ತು. ತಂಪು ಕೆಳಗೇ ಇತ್ತು, ಗೇಣು ದೂರದಲ್ಲಿ.

ಅಮೀನಾಬಿ ಪಕ್ಕದಲ್ಲಿ ಕೂತಳು. "ಇಡ್ತೀ ಏನು?"

"ಇಟ್ರ ಏನಾಕ್ಕೈತಿ ಗೊತ್ತೈತ್ರಿ. ನೀವ ಕಲಿಸೀರಿ." ಹೊನ್ನವ್ವ ಕಟ್ಟೆಯ ಕಡೆ ಕಣ್ಣು ಹಾಯಿಸಿದಳು. ಆಮೇಲೆ ದನಿ ಸಣ್ಣದು ಮಾಡಿದಳು. "ಮ್ಯಾಲ ನಿಂತವ್ರಾಗ ಸಣ್ಣ ಕೂಸುಗಳು ಅದಾವ. ಇಡೂದಿಲ್ರಿ. ಆದ್ರ ಇಡೂದಿಲ್ಲ ಅಂತ ಅವರಿಗೆ ಹೇಳಬ್ಯಾಡ್ರಿ."

ಅಮೀನಾಬಿಗೆ ಅಳುವೂ ನಗುವೂ ಒಟ್ಟಿಗೇ ಬಂತು. ಇದೂ ಪೇಷಂಟಿನ ಗುಟ್ಟು. ಗೌಡರದನ್ನು ಕಾಯ್ದಳು. ಇದನ್ನೂ ಕಾಯಬೇಕು. ಆದರೆ ಗುಟ್ಟು ಕಾಯುವುದಕ್ಕೂ ಸುಳ್ಳು ಹೇಳುವುದಕ್ಕೂ ನಡುವೆ ಒಂದು ಜಾಗ ಇದೆ ಅಂತ ಆ ಮೆಟ್ಟಿಲ ಮೇಲೆ ಅವಳಿಗೆ ಹೊಳೆಯಿತು. ಹೊನ್ನವ್ವನ ಪಟ್ಟಿ ಬಿಗಿಯಾಗಿ ಕಟ್ಟಿ ಎದ್ದು ನಿಂತಳು. ಮೇಲಕ್ಕೆ ನೋಡಿ ಕೂಗಿದಳು.

"ಹೊನ್ನವ್ವನ ಕಾಲು ನೋಡೇನಿ. ನೀರಿಗೆ ಹತ್ತಿಲ್ಲ. ಈ ಭಾವಿಗೆ ದಿನಾ ಎಷ್ಟ ಕಾಲು ಇಳೀತಾವೋ ಅಷ್ಟೂ ನಾ ನೋಡಬೇಕು. ಒಬ್ಬೊಬ್ಬರ ಬರ್ರಿ. ಕಾಲು ತೋರಿಸ್ರಿ."

ಕಿರುಚುತ್ತಿದ್ದವರು ತಮ್ಮ ತಮ್ಮ ಕಾಲು ನೋಡಿಕೊಂಡರು.

ಡಾಕ್ಟರು ಬಾಯಿ ತೆರೆಯುವುದರೊಳಗೆ ಸಾಹೇಬರೇ ಉತ್ಸಾಹದಿಂದ, "ಹಿಂಗಿರಬೇಕು ನೋಡ್ರಿ ಆರೋಗ್ಯ ಶಿಕ್ಷಣ! ನಂದ ಮೊದಲು" ಅಂದರು. ಕಟ್ಟೆಯ ಮೇಲೆ ಕೂತು ಬೂಟು ಬಿಚ್ಚಿ ತಮ್ಮ ಬಿಳಿ ಪಾದಗಳನ್ನು ಎತ್ತಿ ತೋರಿಸಿದರು. ಅವರು ಆ ಭಾವಿಗೆ ಇಳಿಯುವವರೇ ಅಲ್ಲ. ಆದರೂ ಸಾಹೇಬರು ತೋರಿಸಿದ ಮೇಲೆ ಉಳಿದವರು ಬಿಡುವ ಹಾಗಿರಲಿಲ್ಲ.

ಮುದುಕಿ ಶಂಕ್ರೆವ್ವ ಮುಂದೆ ಬಂದಳು. ಮೇಲಿನ ಓಣಿಯ ದೊಡ್ಡ ಮನೆಯವಳು. ಸೀರೆ ಎತ್ತಿ ಮೀನಖಂಡ ತೋರಿಸಿದಳು. ಅಲ್ಲಿ ಬೊಬ್ಬೆ ಒಡೆದಿತ್ತು. "ಮನ್ಯಾಗ ಉಳುಕು ಅಂತ ಹೇಳೇನವಾ," ಅಂದಳು. "ಉರಿ ತಡೀವಲ್ದು. ಕಡ್ಡಿ ಇದ್ರ ಸುತ್ತು." ಅವಳ ಹಿಂದೆ ರಾಚಪ್ಪ. ಅವನದೂ ಉಳುಕು. ಅವನ ಹಿಂದೆ ಇನ್ನೊಬ್ಬ. ಊರಿನ ಅರ್ಧ ಉಳುಕುಗಳು ಆ ಮಧ್ಯಾಹ್ನ ಹುಣ್ಣಾದವು. ಅಮೀನಾಬಿ ಕಟ್ಟೆಗೆ ಬಂದು ಒಬ್ಬೊಬ್ಬರಿಗೂ ಅದೇ ಮಾತು ಹೇಳಿದಳು. ಇಳಿಯಬ್ಯಾಡ್ರಿ, ಹರಿಯಬ್ಯಾಡ್ರಿ, ಸೋಸಿ ಕುಡೀರಿ.

ಕೊನೆಗೆ ಕಾಲು ತೋರಿಸದವರು ಒಬ್ಬರೇ ಉಳಿದರು.

ಅಮೀನಾಬಿ ಅವರ ಹೆಸರು ಹೇಳಲಿಲ್ಲ. ಅವರ ಕಡೆ ನೋಡಲೂ ಇಲ್ಲ. ಜನರೇ ನೋಡಿದರು.

"ನಾ ಈ ಊರ ಗೌಡ," ಬಸಂತರಾಯಗೌಡರು ಅಂದರು. "ನಾ ಯಾಕ ತೋರಿಸಲಿ?"

"ದಿನಾ ಮೊದಲ ಇಳಿಯೂ ಕಾಲು ನಿಮ್ಮದ ಅಲ್ಲೇನ್ರಿ ಗೌಡ್ರ?" ಅಂದವನು ಅವರದೇ ಓಣಿಯ ರೇವಪ್ಪ. ಅವನ ಮಗಳು ಕುಂಟುತ್ತಿದ್ದಳು.

"ನಂದು ಉಳುಕು!"

ಯಾರೋ ಕಿಸಕ್ಕನೆ ನಕ್ಕರು. ಗೌಡರು ತಿರುಗಿ ಮನೆಯ ಕಡೆ ನಡೆದರು. ನೆಟ್ಟಗೆ ನಡೆಯಲು ಬಹಳ ಪ್ರಯತ್ನಪಟ್ಟರು. ಬಯಲಿನ ನಡುವೆ ಕಾಲು ಕೇಳಲಿಲ್ಲ, ಕುಂಟಿದರು. ಜನರ ಮುಖಗಳು ಒಂದೊಂದಾಗಿ ಬದಲಾದವು. ನಸುಕಿನ ಶಿವನಾಮ, ಮೊಣಕಾಲುದ್ದ ನೀರು, ಆಮೇಲೆ ತುಂಬಿದ ಕೊಡ, ಎಲ್ಲ ಅವರಿಗೆ ನೆನಪಾಯಿತು. ಶಂಕ್ರೆವ್ವ ಕಟ್ಟೆಯ ಬದಿಗೆ ಬಾಗಿ ಉಗುಳಿದಳು. ಉಗುಳುತ್ತಲೇ ಇದ್ದಳು.

ಅಮೀನಾಬಿ ಮತ್ತೆ ಕೆಳಗಿಳಿದಳು. ಹೊನ್ನವ್ವನ ಕೊಡ ಎತ್ತಿಕೊಂಡು, ಒಣ ಮೆಟ್ಟಿಲ ಮೇಲೆಯೇ ಬಾಗಿ ತುಂಬಿದಳು. ಮೇಲೆ ಕೇರಿಯ ಹೆಂಗಸರು ಕಟ್ಟೆ ಹತ್ತಿ ನಿಂತಿದ್ದರು. ಕೊಡಗಳು ಕೈಯಿಂದ ಕೈಗೆ ಇಳಿದು ಬಂದವು. ಎಲ್ಲ ತುಂಬಿದ ಮೇಲೆಯೇ ಹೊನ್ನವ್ವ ಎದ್ದಳು. ಎದ್ದಾಗ ಅವಳ ಪಾದ ಒಣಗಿತ್ತು.

ಮುಂದಿನ ವಾರ ಅಮೀನಾಬಿಗೆ ವರ್ಗದ ಆರ್ಡರು ಬಂತು. ಇಂಡಿ ತಾಲೂಕಿನ ಝಳಕಿಗೆ. ಕಾರಣ, ರೋಗಿಯ ಗುಟ್ಟು ಬಯಲು ಮಾಡಿದ್ದು.

"ನಾ ಯಾರ ಹೆಸರೂ ಹೇಳಿಲ್ರಿ ಸರ್."

"ನೀ ಹೇಳಿಲ್ಲ," ಡಾಕ್ಟರು ಒಪ್ಪಿಕೊಂಡರು. "ಆದ್ರ ಎಲ್ಲಾರಿಗೂ ತಿಳೀತಲ್ಲ. ಅದು ಇನ್ನೂ ದೊಡ್ಡ ತಪ್ಪು."

ಅವಳ ಜಾಗಕ್ಕೆ ಇನ್ನೊಬ್ಬ ನರ್ಸು ಬರುವ ತನಕ ಅವಳು ಹಿರೇಭಾವಿಯಲ್ಲೇ ಇರಬೇಕಾಯಿತು. ಅಷ್ಟರಲ್ಲಿ ಭಾವಿಯ ಮೆಟ್ಟಿಲಿಗೆ ಕಲ್ಲು ತುಂಬಿದರು, ಸುತ್ತ ಗೋಡೆ ಕಟ್ಟಿದರು, ಮೇಲೆ ರಾಟಿ ಹಾಕಿದರು. ಸರಕಾರಿ ಕೆಲಸ ಅಷ್ಟು ಬೇಗ ಮುಗಿದದ್ದನ್ನು ಆ ಊರು ಹಿಂದೆ ಕಂಡಿರಲಿಲ್ಲ. ಗೋಡೆಯ ಮೇಲೆ ಗೌಡರ ಹೆಸರಿನ ಕಲ್ಲು ಕೂಡಿಸಿದರು. ಊರಿನ ಆರೋಗ್ಯಕ್ಕಾಗಿ ಅವರು ಪಟ್ಟ ಶ್ರಮವನ್ನು ಅದರಲ್ಲಿ ಹೊಗಳಿತ್ತು. ಇನ್ನು ಯಾರೂ ನೀರಿಗೆ ಇಳಿಯುವಂತಿರಲಿಲ್ಲ. ಕೇರಿಯವರು ಮುಟ್ಟುವಂತಿಲ್ಲ ಅನ್ನುವುದನ್ನು ಮಾತ್ರ ಕಲ್ಲಿನ ಮೇಲೆ ಬರೆಯಲಿಲ್ಲ. ಅದನ್ನು ಬರೆಯುವ ಅಗತ್ಯ ಅವರಿಗೆ ಕಂಡಿರಲಿಲ್ಲ.

ಹೊನ್ನವ್ವನ ಹುಳ ಪೂರ್ತಿ ಹೊರಗೆ ಬಂದಿತ್ತು. ಬೆಳಗಾದ ಮೇಲೆ, ಎಲ್ಲರೂ ನೋಡುವಾಗ, ಕೇರಿಯ ಹೆಂಗಸರನ್ನು ಕರೆದುಕೊಂಡು ಬಂದು ರಾಟಿಗೆ ಹಗ್ಗ ಹಾಕಿ ನೀರು ಸೇದಿದಳು. ಸಂಜೆ ಗೌಡರ ಆಳು ಬಂದು ಹಗ್ಗ ಕೊಯ್ದ. ಮರುದಿನ ಅವರು ಬೇರೆ ಹಗ್ಗ ತಂದರು. ಅದನ್ನೂ ಕೊಯ್ದ. ಹಳೆ ಸೀರೆ ಹೆಣೆದು ತಂದರು. ಅದೂ ತುಂಡಾಗಿ ಭಾವಿಗೆ ಬಿತ್ತು. ಮೇಲಿನ ಓಣಿಯವರು ಬಾಗಿಲಲ್ಲಿ ನಿಂತು ನೋಡಿದರು.

ಅಮೀನಾಬಿ ಊರು ಬಿಡುವ ದಿನ ಟ್ರಂಕು ಹೊತ್ತುಕೊಂಡು ಬಸ್ಸಿಗೆ ನಿಂತಿದ್ದಳು. ಹೊನ್ನವ್ವ ಕಳಿಸಲು ಬಂದಿರಲಿಲ್ಲ. ಅವಳ ಮೇಲೆ ಸಿಟ್ಟಾಗಬೇಕೋ ಬೇಡವೋ ಅಂತ ಯೋಚಿಸುತ್ತಿದ್ದಾಗ ಭಾವಿಯ ಕಡೆಯಿಂದ ಗಲಗಲ ಸದ್ದು ಬಂತು. ಹೊರಳಿ ನೋಡಿದಳು. ಕೇರಿಯ ಹೆಂಗಸರು ನಾಲತವಾಡದ ಸಂತೆಯಿಂದ ಎತ್ತು ಕಟ್ಟುವ ಕಬ್ಬಿಣದ ಸರಪಳಿಗಳನ್ನು ತಂದು, ಒಂದಕ್ಕೊಂದು ಜೋಡಿಸಿ, ರಾಟಿಗೆ ಹಾಕಿದ್ದರು. ಹೊನ್ನವ್ವ ಎರಡೂ ಕಾಲು ನೆಲಕ್ಕೆ ಗಟ್ಟಿಯಾಗಿ ಊರಿ ಜಗ್ಗುತ್ತಿದ್ದಳು. ಗೌಡರ ಆಳು ಕುಡಗೋಲು ಹಿಡಿದು ಸರಪಳಿಯನ್ನೇ ನೋಡುತ್ತ ನಿಂತಿದ್ದ.